ಅಣ್ಣನ ಫಟಫಟಿ, ನನ್ನ ಒಗೆಯುವ ಕಲ್ಲು

ನಮ್ಮಣ್ಣನಿಗೆ ನಿಮ್ಮ ಮೇಲೆ ಪ್ರೀತಿ ಹುಟ್ಟಬೇಕಾದರೆ ಮೊದಲು ನೀವು ಕಲ್ಲಾಗಿರಬೇಕು. ಅದೂ ಮೂಗು ಮುರಿದ ಕಲ್ಲು. ಕೈಯೂ ಹೋಗಿದ್ದರೆ ಇನ್ನೂ ಒಳ್ಳೆಯದು. ನಾನು ಅವನ ಒಡಹುಟ್ಟಿದ ತಂಗಿ. ಮೂಗು ನೆಟ್ಟಗಿದೆ, ಎರಡೂ ಕೈ ಇವೆ. ಅದೇ ನನ್ನ ದುರ್ದೈವ.

ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ತಪ್ಪು ಬರವಣಿಗೆಯಲ್ಲಿ ಮಾತ್ರ ಇದ್ದಿದ್ದರೆ ನಾನು ಪೆನ್ನು ಹಿಡಿಯುತ್ತಲೇ ಇರಲಿಲ್ಲ. ಮಾಡಿದ ತಪ್ಪು ಬೇರೆ ಇದೆ. ಮೊದಲು ಅವನ ತಪ್ಪು ಹೇಳಿ ಮುಗಿಸುತ್ತೇನೆ. ಆಮೇಲೆ ನನ್ನದು ಸ್ವಲ್ಪ ಸಣ್ಣದಾಗಿ ಕಂಡೀತು.

ನಮ್ಮದು ರಾಯಬಾಗ ತಾಲೂಕಿನಲ್ಲಿ ಕಬ್ಬಿನ ನಡುವಿನ ತೋಟದ ಮನೆ. ಗಂಡನ ಮನೆಯಲ್ಲಿ ಬಾಳುವೆ ಆಗದೆ ನಾನು ತಿರುಗಿ ಬಂದಾಗ ಅಣ್ಣ ಏನೂ ಕೇಳಲಿಲ್ಲ. "ಪಡಸಾಲಿ ಬಾಜೂಕಿನ ಖೋಲಿ ಖಾಲಿನ ಐತಿ" ಅಂದ, ಅಷ್ಟೇ. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಈ ಸಂಕಟವೂ ಇರುತ್ತಿರಲಿಲ್ಲ.

ಸೋಮವಾರ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಎತ್ತು ಮಲಗುತ್ತವೆ, ಒಕ್ಕಲಿಗನೂ ಮಲಗುತ್ತಾನೆ. ನಮ್ಮಣ್ಣ ಮಾತ್ರ ನಸುಕಿನಲ್ಲೇ ಎದ್ದು ಫಟಫಟಿ ತೆಗೆಯುತ್ತಿದ್ದ. ಎಂಬತ್ತರ ದಶಕದ ಮಾತು. ಆ ಮೋಟಾರ್ ಸೈಕಲ್ಲು ಏಳನೆಯ ಒದೆತಕ್ಕೆ ಚಾಲೂ ಆಗುತ್ತಿತ್ತು. ಅಷ್ಟರಲ್ಲಿ ಸುತ್ತಲಿನ ನಾಲ್ಕು ತೋಟದ ನಾಯಿಗಳೂ ಚಾಲೂ ಆಗಿರುತ್ತಿದ್ದವು. ಹಿಂದಿನ ಸೀಟಿಗೆ ಒಂದು ಹಿತ್ತಾಳೆ ಕೊಡ, ಒಂದು ಹಗ್ಗ, ತಿಕ್ಕಲು ತೆಂಗಿನ ನಾರು. ಯಾವಾಗಲೂ ಒಬ್ಬನೇ. ಒಂದು ವಾರ ಚಿಕ್ಕೋಡಿ ಕಡೆ, ಇನ್ನೊಂದು ವಾರ ಕೃಷ್ಣೆ ದಾಟಿ ಅಥಣಿ, ಕಾಗವಾಡ. ಎಲ್ಲಿ ಪಾಳುಗುಡಿ, ಎಲ್ಲಿ ಮುರುಕು ಬಸದಿ, ಎಲ್ಲಿ ಬದುವಿನಲ್ಲಿ ತಲೆಯಿಲ್ಲದ ಮೂರ್ತಿ, ಅಲ್ಲಿ ಇವನು. ಕೊಡ ಬಿಚ್ಚಿ, ನೀರು ತಂದು, ಹಕ್ಕಿಯ ಹಿಕ್ಕೆ ತಿಕ್ಕಿ ತೊಳೆದು, ಮೂರ್ತಿಯ ಎದುರು ಚಕ್ಕಳಮಕ್ಕಳ ಕೂತು ತನ್ನ ಪರಿಚಯ ಹೇಳಿಕೊಳ್ಳುತ್ತಿದ್ದ. ಹೌದು, ಪರಿಚಯ. "ನಾವು ರಾಯಬಾಗ ಕಡೆಯವ್ರರಿ. ನಾಕ ಎಕರೆ ಕಬ್ಬ ಐತಿ. ಮನ್ಯಾಗ ಹೆಂಡ್ತಿ, ಒಬ್ಬಾಕಿ ತಂಗಿ."

ಇದನ್ನು ಅವನ ಬಾಯಿಂದಲೇ ಕೇಳಿ ವೈನಿ, ಅಂದರೆ ಅವನ ಹೆಂಡತಿ, ಒಂದು ದಿನ ಅಂದೇಬಿಟ್ಟಳು: "ಕಲ್ಲಿನ ಕೂಡ ಇಷ್ಟ ಮಾತಾಡ್ತೀರಿ. ನಮ್ಮ ಕೂಡ ಎರಡ ಮಾತ ಆಡಿದ್ರ ಬಾಯಿ ಸವಿತಿತ್ತೇನ್ರಿ?"

"ಅವ್ರು ನಡುವ ಎದ್ದ ಹೋಗೂದಿಲ್ಲ" ಅಂದ ಅಣ್ಣ.

ವೈನಿ ಎದ್ದು ಹೋದಳು.

ಈ ಹುಚ್ಚಿಗೆ ಒಂದು ಬೇರು ಇತ್ತು. ನಿಪ್ಪಾಣಿ ಕಡೆ, ತಂಬಾಕಿನ ಗೋದಾಮುಗಳ ಹಿಂದಿನ ಓಣಿಯಲ್ಲಿ ಒಂದು ಬುದ್ಧವಿಹಾರ. ತಗಡಿನ ಮಾಡು, ಒಳಗೆ ಸಿಮೆಂಟಿನ ಬುದ್ಧ. ಅದನ್ನು ನೋಡಿಕೊಳ್ಳುವ ಒಬ್ಬ ಅಜ್ಜ ಅಣ್ಣನಿಗೆ ಅಂದಿದ್ದನಂತೆ: "ಇಂವ ಮೊನ್ನೆ ಮೊನ್ನೆ ಬಂದಾಂವ್ರಿ ಗೌಡ್ರ. ನಮ್ಮ ಹಳೇ ಬುದ್ಧ ಇಲ್ಲೇ ಎಲ್ಲೋ ಮಣ್ಣಾಗ ಮಲಗ್ಯಾನ. ಸಾಯೂದ್ರಾಗ ಒಮ್ಮಿ ನೋಡಬೇಕ್ರಿ."

"ನಾ ಹುಡಕ್ತೇನಿ" ಅಂದ ನಮ್ಮ ಅಣ್ಣ. ಯಾರಾದರೂ ಹೀಗೆ ಮಾತು ಕೊಡುತ್ತಾರೆಯೆ? ಕಳೆದ ಆಕಳು ಹುಡುಕಿದ ಹಾಗೆ ಬುದ್ಧನನ್ನು ಹುಡುಕುತ್ತಾರೆಯೆ?

ಊರಲ್ಲಿ ಜನ ಆಡಿಕೊಂಡರು. ಗೌಡರ ಮನೆಯವನು ಆ ಓಣಿಯಲ್ಲಿ ಕೂತು ಚಹಾ ಕುಡಿಯುತ್ತಾನೆ ಅಂದರು. ನಾನು ಉರಿದುಕೊಂಡು ಕೇಳಿದೆ: "ಖರೇನ? ಅಲ್ಲಿ ಚಹಾ ಕುಡದಿ?"

"ಹೌದ. ಸಕ್ರಿ ಸ್ವಲ್ಪ ಜಾಸ್ತಿ ಆಗಿತ್ತು."

ಬುದ್ಧನ ಗುರುತನ್ನು ಅವನು ನನಗೂ ಪಾಠ ಮಾಡಿದ್ದ. "ಕಣ್ಣ ಮುಚ್ಚಿ ಕುಂತಾರ ಅಂದ್ರ ಎಲ್ಲಾರೂ ಬುದ್ಧ ಅಲ್ಲ. ಹೆಗಲ ಮ್ಯಾಲ ಬಟ್ಟಿ ಗೆರಿ ಇದ್ರ ಬುದ್ಧ. ಇರದಿದ್ರ ಬಸದಿಯವ್ರು." ಅವನಿಗೆ ಸಿಕ್ಕವರೆಲ್ಲ ಬಸದಿಯವರೇ. ಅವರನ್ನೂ ತೊಳೆದು ಬರುತ್ತಿದ್ದ, ಹಿರಿಯರು ಅಂತ. ಹಿರಿಯರ ಧೂಳೆಲ್ಲ ಅವನ ಪ್ಯಾಂಟಿನಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಮಂಗಳವಾರ ಅದನ್ನು ಒಗೆಯುವವಳು ನಾನು.

ಒಮ್ಮೆ, ನಾನೂ ಬರುತ್ತೇನೆ ಅಂದೆ. ನನಗೂ ನೋಡುವ ಆಸೆ ಇರುವುದಿಲ್ಲವೆ? "ಬರೂ ಸೋಮವಾರ ಕಾಗವಾಡಕ್ಕ ಹೋಗೂಣು" ಅಂದ. ಅಂದು ನಾನು ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದೆ, ಇಳಕಲ್ ಸೀರೆ ಉಟ್ಟೆ, ಅಂಗಳದಲ್ಲಿ ನಿಂತೆ. ಅವನು ಹಿಂದಿನ ಸೀಟು ನೋಡಿದ, ನನ್ನನ್ನು ನೋಡಿದ, ಮತ್ತೆ ಸೀಟು ನೋಡಿದ.

"ಕೊಡಾ ಕಟ್ಟಿಬಿಟ್ಟೀನಲ್ಲ ಬೇ. ಜಾಗಾ ಇಲ್ಲ. ಮುಂದಿನ ವಾರ."

ರೊಟ್ಟಿಯ ಗಂಟು ಮಾತ್ರ ಇಸಿದುಕೊಂಡು ಹೋದ. ಕೊಡಕ್ಕೆ ಸೀಟು, ತಂಗಿಗೆ ಧೂಳು. ನೀವಾಗಿದ್ದರೆ ಸುಮ್ಮನಿರುತ್ತಿದ್ದಿರಾ?

ಈಗ ನನ್ನ ತಪ್ಪಿಗೆ ಬಂದೆ.

ಅದೇ ದಿನ ನಮ್ಮ ಬಾವಿ ಆಳ ಮಾಡುವ ಕೆಲಸ ನಡೆದಿತ್ತು. ವೈನಿ ತವರಿಗೆ ಹೋಗಿದ್ದಳು. ಮಧ್ಯಾಹ್ನ ಪರ ಊರಿನ ಕೂಲಿಯವರು ಹಗ್ಗ ಕಟ್ಟಿ ಒಂದು ಕಲ್ಲು ಮೇಲೆಳೆದರು. ಕೆಸರು ಒರೆಸಿದರೆ ಗುಂಗುರು ಕೂದಲು, ಮುಚ್ಚಿದ ಕಣ್ಣು, ಮುರಿಯದ ಮೂಗು. ಎಡ ಹೆಗಲಿನಿಂದ ಇಳಿದ ತೆಳ್ಳನೆಯ ಗೆರೆ. ದಿನಾ ಅರಿವೆ ಒಗೆಯುವವಳಿಗೆ ಅರಿವೆಯ ಗೆರೆ ಯಾವುದೆಂದು ಬೇರೆ ಹೇಳಬೇಕೆ? ಅವನು ಊರೂರು ಸುತ್ತಿ ಹುಡುಕುವವನು ನಮ್ಮ ಬಾವಿಯಲ್ಲಿಯೇ ಕೂತಿದ್ದ.

"ಏನ ಮಾಡೂಣ್ರಿ ಅಕ್ಕಾರ?" ಅಂದರು ಕೂಲಿಯವರು.

ಕಲ್ಲಿನ ಬೆನ್ನು ಚಪ್ಪಡಿಯ ಹಾಗೆ ಸಪಾಟಾಗಿತ್ತು. ನಮ್ಮ ಕರಿಮಣ್ಣಿನ ಹೊಲದಲ್ಲಿ ಒಗೆಯಲು ಒಂದು ನೆಟ್ಟಗಿನ ಕಲ್ಲು ಸಿಗುವುದಿಲ್ಲ. ಹೊಟ್ಟೆಯಲ್ಲಿ ಬೆಳಗಿನ ಬೆಂಕಿ ಇನ್ನೂ ಇತ್ತು. "ಮಾರಿ ಕೆಳಗ ಮಾಡಿ ಹಾಕ್ರಿ. ಒಗ್ಯಾಕ ಬೇಕಾಗಿತ್ತು" ಅಂದೆ.

ಸಂಜೆ ಅವನು ಬಂದ. ಹತ್ತೂರಿನ ಕಲ್ಲು ನೋಡುವವನು ಮನೆಯ ಕಲ್ಲು ನೋಡುತ್ತಾನೆಯೆ? "ಚೊಲೋ ಕಲ್ಲ ಸಿಕ್ಕೈತಲ್ಲ" ಅಂದವನೇ ಅದರ ಮೇಲೆ ನಿಂತು ಕಾಲು ತೊಳೆದುಕೊಂಡ. ಎರಡು ದಿನ ಬಿಟ್ಟು ಹೇಳಿದರಾಯಿತು ಅಂದುಕೊಂಡೆ. ಎರಡು ದಿನ ಹೋಗಿ ವಾರವಾಯಿತು, ತಿಂಗಳಾಯಿತು. ಹೇಳದೆ ಇಟ್ಟ ಮಾತು ಮೊಸರಿನ ಹಾಗೆ, ದಿನ ಕಳೆದಷ್ಟೂ ಹುಳಿ. ಮುಂದಿನ ವಾರ ಎಂದಿದ್ದ ಅವನೂ ಮರೆತ. ನಾನು ಮರೆಯಲಿಲ್ಲ. ಹೀಗೆ ಒಂಬತ್ತು ವರ್ಷ ಅವನು ಬುದ್ಧನನ್ನು ಹುಡುಕಿ ತಂದ ಧೂಳನ್ನು ನಾನು ಬುದ್ಧನ ಬೆನ್ನಿನ ಮೇಲೆ ಬಡಿದು ಬಡಿದು ಒಗೆದೆ.

ಒಂದು ಸೋಮವಾರ ಅವನು ಕೆಂಡವಾಗಿ ಬಂದ. ಅಥಣಿ ಕಡೆಯ ಒಂದು ಹಳ್ಳಿಯಲ್ಲಿ ಜನ ಮೂರ್ತಿಯೊಂದರ ಮೊಣಕಾಲಿಗೆ ಕುಡಗೋಲು ಮಸೆಯುತ್ತಿದ್ದರಂತೆ. ನಾಚಿಕೆಯಾಗುವುದಿಲ್ಲವೆ ಎಂದು ಇವನು ಬೈದರೆ, ಅಲ್ಲಿನ ಮುದುಕಿಯೊಬ್ಬಳು, "ಭಾಳ ಶಾಣ್ಯಾ ಅದಿ. ನಿಮ್ಮ ಮನ್ಯಾಗ ಅರಿವಿ ಯಾವ ಕಲ್ಲಿನ ಮ್ಯಾಲ ಒಗಿತಾರ, ನೋಡೀಯೇನ?" ಅಂದಳಂತೆ.

"ಎಂಥಾ ಮಾತ ಅಂತೀನಿ! ನಮ್ಮ ಮನ್ಯಾಗ ಹಂಗ ಮಾಡ್ತಾರೇನ?" ಎಂದು ನನ್ನನ್ನೇ ಕೇಳಿದ. ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ವೈನಿ ನೀರು ಕೊಟ್ಟಳು.

ಆಮೇಲೆ ಒಂದು ದಿನ ನಿಪ್ಪಾಣಿಯಿಂದ ಅವನು ಬೇಗ ಬಂದ. ಕೊಡ ಬಿಚ್ಚಲೇ ಇಲ್ಲ. ವಿಹಾರದ ಅಜ್ಜ ತೀರಿಕೊಂಡಿದ್ದ. "ನನ್ನ ಕೈಲೆ ಆಗಲಿಲ್ಲ" ಅಂದ ಅಣ್ಣ. ಆ ರಾತ್ರಿಯೂ ನಾನು ಹೇಳಲಿಲ್ಲ. ಮೊದಲು ಸಿಟ್ಟಿಗೆ ಹೇಳಿರಲಿಲ್ಲ, ಈಗ ಅಂಜಿಕೆಗೆ.

ತೊಂಬತ್ತರ ದಶಕ ಬಂದು ಸ್ವಲ್ಪ ದಿನಕ್ಕೆ ಅವನ ಕೈ ನಡುಗತೊಡಗಿತು. ಗಾಡಿ ಮುಟ್ಟಬೇಡಿ ಅಂದರು ಡಾಕ್ಟರು. ಆದರೂ ಸೋಮವಾರ ಬಂತೆಂದರೆ ಫಟಫಟಿ ಒರೆಸುತ್ತಿದ್ದ, ಕೊಡ ಕಟ್ಟುತ್ತಿದ್ದ, ಪಕ್ಕದಲ್ಲಿ ಕೂತು ದಾರಿ ನೋಡುತ್ತಿದ್ದ. ಸಂಜೆ ಬಿಚ್ಚುತ್ತಿದ್ದ. ಅದನ್ನು ಮೂರು ಸೋಮವಾರ ನೋಡಿದೆ. ನಾಲ್ಕನೆಯದು ನೋಡಲಾಗಲಿಲ್ಲ. ಹಾರೆ ತಂದು ಕಲ್ಲಿನ ಬುಡಕ್ಕೆ ಹಾಕಿದೆ. ಅದು ನನ್ನೊಬ್ಬಳಿಗೆ ಮಿಸುಕಲಿಲ್ಲ.

"ಅಣ್ಣಾ, ಒಂದೀಟ ಕೈ ಹಚ್ಚು."

ಏನು, ಯಾಕೆ ಎಂದು ಕೇಳದೆ ಹಚ್ಚಿದ. ಕಲ್ಲು ಮಗುಚಿತು. ಮುಖಕ್ಕೆ ಒಂಬತ್ತು ವರ್ಷದ ಸೋಪಿನ ಕೆಸರು ಮೆತ್ತಿತ್ತು. ಅವನು ಕೂತು, ಬೆರಳಿನಿಂದ ಹೆಗಲು ಒರೆಸಿದ. ಗೆರೆ ಸಿಕ್ಕಲ್ಲಿ ಬೆರಳು ನಿಂತಿತು.

"ಯಾವಾಗ?"

"ನೀ ಕೊಡಾ ಕೂಡಿಸ್ಕೊಂಡ ಹೋದ ದಿನ."

"ಅಜ್ಜ ನೋಡಬೇಕಾಗಿತ್ತು" ಅಂದ. ಅವನು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಒಂಬತ್ತು ವರ್ಷದಿಂದ ಜವಾಬು ತಯಾರಿತ್ತು. ನಾನು ಹಾರೆ ಕೆಳಗಿಟ್ಟೆ.

ಎದ್ದು ಹೋಗಿ ಕೊಡ ಬಿಚ್ಚಿ, ಅರ್ಧ ಚೆಲ್ಲುತ್ತ ನೀರು ತಂದ. ನಾರು ಅವನ ಕೈಯಲ್ಲಿ ನಿಲ್ಲಲಿಲ್ಲ. ನನ್ನ ಕೈಗೆ ಕೊಟ್ಟ. "ಮೆಲ್ಲಕ ತಿಕ್ಕು. ಇದು ನನ್ನ ಪ್ಯಾಂಟ ಅಲ್ಲ."

ಮುಖ ಕಂಡ ಮೇಲೆ ಎದುರಿಗೆ ಚಕ್ಕಳಮಕ್ಕಳ ಕೂತ, ಗಂಟಲು ಸರಿಮಾಡಿಕೊಂಡ.

"ನಾವು ಇದ ತೋಟದವ್ರರಿ. ಈಕಿ ನಮ್ಮ ತಂಗಿ. ಸಿಟ್ಟ ಭಾಳ. ಕರಕೊಂಡ ಹೋಗ್ತೇನಂತ ಹೇಳಿ ಬಿಟ್ಟ ಹೋಗಿದ್ನಿರಿ ಒಮ್ಮಿ. ತಪ್ಪ ನಂದ."

ಆಮೇಲೆ ಸ್ವಲ್ಪ ಸರಿದ. ನೆಲದ ಮೇಲಿನ ಕೆಸರನ್ನು ಅಂಗೈಯಿಂದ ಒರೆಸಿ, "ಕುಂದರ ಬೇ" ಅಂದ, "ಜಾಗಾ ಐತಿ."