ಎರಡು ಮೂಗಿನ ರಾಜನ ತೂಕ

ತನಗೆ ಒಂದು ಕಾಸಿನ ಮೋಸ ಮಾಡಬಲ್ಲವರು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಇರುವೆಯ ಅಮ್ಮನ ದೃಢವಾದ ನಂಬಿಕೆ. ಇರುವೆ ಎಂದರೆ ಅವಳ ಮಗಳು. ಎರಡು ವರ್ಷದ ಆ ಮಹಾತಾಯಿ ನೆಲಕ್ಕೆ ಬಿದ್ದ ಕಾಳು, ಕಡ್ಡಿ, ಅಂಗಿಯ ಗುಂಡಿ ಯಾವುದನ್ನೂ ಬಿಡದೆ ಹೆಕ್ಕಿಕೊಂಡು ಹೋಗಿ ಮಂಚದ ಕೆಳಗೆ ಕೂಡಿಡುತ್ತಿದ್ದುದರಿಂದ ಅಜ್ಜಿ ಇಟ್ಟ ಹೆಸರು ಅದು. ಮಗಳು ನೆಲದ ಮೇಲಿನದನ್ನು ಬಿಡುವುದಿಲ್ಲ, ತಾಯಿ ತಕ್ಕಡಿಯ ಮೇಲಿನದನ್ನು ಬಿಡುವುದಿಲ್ಲ. ತರಕಾರಿಯವನ ಬೆರಳು ತಕ್ಕಡಿಗೆ ತಾಗಿತೋ ಇಲ್ಲವೋ, ಇರುವೆಯ ಅಮ್ಮನ ಹುಬ್ಬು ಮೇಲೇರುತ್ತಿತ್ತು. ಹಾಲಿನವನು ಅವಳ ಮನೆ ಬಾಗಿಲು ತಟ್ಟುವ ಮೊದಲು ತನ್ನ ಲೆಕ್ಕವನ್ನು ಮೆಟ್ಟಿಲ ಮೇಲೆ ನಿಂತು ಇನ್ನೊಮ್ಮೆ ಕೂಡಿ ನೋಡಿಕೊಳ್ಳುತ್ತಿದ್ದ. ಇಂಥವಳಿರುವ ಮನೆಯಲ್ಲಿ ಮಾವನವರ ನಾಣ್ಯದ ಡಬ್ಬ ಮಾರುವ ಮಾತು ಬಂದರೆ ಆ ಕೆಲಸ ಯಾರ ಪಾಲಿಗೆ ಬರಬೇಕೆಂದು ಬೇರೆ ಕೇಳಬೇಕೆ!

ಮಾವನವರು ಬಸ್ ಕಂಡಕ್ಟರ್ ಆಗಿದ್ದವರು. ಟಿಕೆಟಿನ ಚೀಲಕ್ಕೆ ವಿಚಿತ್ರವಾದ ನಾಣ್ಯವೊಂದು ಬಿದ್ದರೆ ಸಾಕು, ತಮ್ಮ ಜೇಬಿನಿಂದ ಒಳ್ಳೆಯ ನಾಣ್ಯ ತೆಗೆದು ಅದರ ಜಾಗಕ್ಕೆ ಹಾಕಿ, ವಿಚಿತ್ರವನ್ನು ಮನೆಗೆ ತರುತ್ತಿದ್ದರು. ಎಲ್ಲರ ಗಂಡಂದಿರೂ ಸಂಬಳ ಮನೆಗೆ ತಂದರೆ ತನ್ನ ಗಂಡ ಸಂಬಳವನ್ನು ಬಸ್ಸಿಗೆ ಕೊಟ್ಟು ಸವಕಲು ಕಾಸು ಮನೆಗೆ ತಂದರು ಎಂದು ಅತ್ತೆ ಈಗಲೂ ಹೇಳುತ್ತಾರೆ. ಹಾಗೆ ಹೇಳುತ್ತಲೇ ಡಬ್ಬದ ಮೇಲಿನ ಧೂಳನ್ನು ತಮ್ಮ ಸೆರಗಿನಿಂದಲೇ ಒರೆಸುತ್ತಾರೆ. ಮಾವನವರು ಹೋದ ಮೇಲೆ ಆ ಡಬ್ಬದಲ್ಲಿ ಅರ್ಧ ಮಗನಿಗೆ, ಅರ್ಧ ಮಗಳಿಗೆ ಎಂದಾಯಿತು. ಹಳೆ ನಾಣ್ಯದ ಅಂಗಡಿಯವರೊಬ್ಬರು ಮಾವನವರ ಪರಿಚಯದವರು. ಅವರು ಫೋನಿನಲ್ಲೇ ಒಂದು ಬೆಲೆ ಹೇಳಿದರು. ಆ ಬೆಲೆಯ ಅರ್ಧದಲ್ಲಿ ಒಂದು ವಾಷಿಂಗ್ ಮೆಷಿನ್ ಬರುತ್ತಿತ್ತು. ದಿನಾ ಬೆಳಗ್ಗೆ ಇರುವೆಯ ಬಟ್ಟೆಗಳ ಬೆಟ್ಟ ಒಗೆದು ಒಗೆದು ಬೆರಳ ಸಂದಿಯೆಲ್ಲ ಬಿರಿದುಹೋಗಿದ್ದ ಇರುವೆಯ ಅಮ್ಮನಿಗೆ ಅದು ಬರಿಯ ಮೆಷಿನ್ ಅಲ್ಲ, ಮೋಕ್ಷ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಬಚ್ಚಲಿನ ಪಕ್ಕದ ಮೂಲೆಯನ್ನು ಖಾಲಿ ಮಾಡಿ, ನಲ್ಲಿಯಿಂದ ಅಲ್ಲಿಗೆ ಎಷ್ಟುದ್ದ ಪೈಪು ಬೇಕೆಂದು ಅಳೆದೂ ಆಗಿತ್ತು.

ಆದರೆ ಅಂಗಡಿಯವರು ಒಂದು ಮಾತು ಸೇರಿಸಿದ್ದರು. ಡಬ್ಬ ಇದ್ದ ಹಾಗೇ ತರಬೇಕು. ತೊಳೆಯಬಾರದು, ಆರಿಸಬಾರದು, ಒಂದನ್ನೂ ತೆಗೆಯಬಾರದು. ಗಂಡನ ಅಕ್ಕ, ಅಂದರೆ ಅತ್ತಿಗೆ, ಹಾಗೇ ಕೊಟ್ಟುಬಿಡೋಣ ಎಂದರು. ಗಂಡ ತಲೆಯಾಡಿಸಿದ. ಇರುವೆಯ ಅಮ್ಮ ಆಡಿಸಲಿಲ್ಲ.

“ತೊಳೀಬೇಡಿ ಅಂತಾರೆ ಅಂದ್ರೆ ಏನರ್ಥ ಅತ್ತಿಗೆ? ಕೊಳೆ ತೋರಿಸಿ ಆಮೇಲೆ ಬೆಲೆ ಇಳಿಸೋಕೆ. ಆರಿಸಬೇಡಿ ಅಂದ್ರೆ? ಒಳ್ಳೇದನ್ನ ಕೆಟ್ಟದ್ದರ ಜೊತೆ ಸೇರಿಸಿ ಎಲ್ಲಾ ಕೆಟ್ಟದ್ದು ಅನ್ನೋಕೆ. ಇಂಥ ತರಕಾರಿಯವರನ್ನ ನಾನು ದಿನಾ ನೋಡ್ತೀನಿ. ನೀವು ಸುಮ್ನಿರಿ, ಎರಡರಷ್ಟು ತಂದು ನಿಮ್ಮ ಕೈಗೆ ಹಾಕ್ತೀನಿ.”

ಮರುದಿನವೇ ನಾಣ್ಯಗಳಿಗೆ ಅಭ್ಯಂಜನವಾಯಿತು. ಪಾತ್ರೆ ತೊಳೆಯುವ ಪುಡಿ, ನಿಂಬೆಯ ಸಿಪ್ಪೆ, ಹಳೆಯ ಹಲ್ಲುಜ್ಜುವ ಬ್ರಷ್ಷು. ನೂರಾರು ವರ್ಷ ಮುಖ ತೊಳೆಯದ ರಾಜ ರಾಣಿಯರೆಲ್ಲ ಮಧ್ಯಾಹ್ನದ ಹೊತ್ತಿಗೆ ಮದುವೆ ಮನೆಗೆ ಹೊರಟವರಂತೆ ಟವೆಲ್ ಮೇಲೆ ಹೊಳೆಯುತ್ತ ಮಲಗಿದರು. ಆಮೇಲೆ ಆರಿಸುವ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸಿದಷ್ಟೇ ಸಲೀಸು. ತೂತಿದ್ದದ್ದು ಒಂದು, ಸೊಟ್ಟಗಾಗಿದ್ದದ್ದು ಒಂದು, ಇನ್ನೊಂದರ ಮೇಲೆ ರಾಜನ ಮುಖ ಒಂದರ ಮೇಲೊಂದು ಎರಡು ಸಲ ಅಚ್ಚಾಗಿ ಅವನಿಗೆ ಎರಡು ಮೂಗು ಬಂದಿದ್ದವು. ನೆಗಡಿಯಾದರೆ ಇವನ ಗತಿಯೇನು ಎಂದು ನಗುತ್ತ ಮೂರನ್ನೂ ಕಸದ ಗುಂಪಿಗೆ ಹಾಕಿದಳು.

ತೂತಿನದೂ ಸೊಟ್ಟನೆಯದೂ ಅಡುಗೆ ಮನೆಯ ಡ್ರಾಯರು ಸೇರಿದವು. ಎರಡು ಮೂಗಿನ ರಾಜನಿಗೆ ಮಾತ್ರ ಅವಳು ಒಂದು ಉದ್ಯೋಗ ಹುಡುಕಿದಳು. ಬೀದಿ ತುದಿಯ ಔಷಧಿ ಅಂಗಡಿಯ ಬಾಗಿಲಲ್ಲಿ ಒಂದು ತೂಕದ ಮೆಷಿನ್ ಇದೆ. ಕಾಸು ಹಾಕಿದರೆ ಬಣ್ಣದ ದೀಪ ತಿರುಗಿ ಒಂದು ಚೀಟಿ ಬರುತ್ತದೆ; ಮುಂದೆ ತೂಕ, ಹಿಂದೆ ಭವಿಷ್ಯ. ಪ್ರತಿ ತಿಂಗಳೂ ಇರುವೆಯ ತೂಕವನ್ನು ಅದರಲ್ಲಿ ನೋಡಿ ಚೀಟಿಯನ್ನು ತನ್ನ ಡೈರಿಗೆ ಅಂಟಿಸುವುದು ಅವಳ ಪದ್ಧತಿ. ಈ ರಾಜ ಆ ಮೆಷಿನ್ನಿನ ಕಾಸಿನಷ್ಟೇ ಅಗಲ. ಅಂಗಡಿಯವರು ಮುಟ್ಟದ ಕಾಸನ್ನು ಮೆಷಿನ್ನು ಬೇಡ ಎನ್ನುವುದಿಲ್ಲ, ಅದಕ್ಕೇನು ಕಣ್ಣೇ?

ಮೆಷಿನ್ನು ಬೇಡ ಎನ್ನಲಿಲ್ಲ. ರಾಜನನ್ನು ನುಂಗಿ ಒಂದು ಸಲ ಕೆಮ್ಮಿದಂತೆ ಮಾಡಿ ಚೀಟಿ ಉಗುಳಿತು. ‘ಇಂದು ನಿಮ್ಮ ಕೈಯಿಂದ ಮಹಾದಾನವೊಂದು ನಡೆಯುವುದು’ ಎಂದಿತ್ತು ಭವಿಷ್ಯ. ಅವಳಿಗೆ ನಗು ಬಂತು. ಚೀಟಿ ತಿರುಗಿಸಿದಳು, ನಗು ಹೋಯಿತು. ಇರುವೆ ಕಳೆದ ತಿಂಗಳಿಗಿಂತ ಇಳಿದುಬಿಟ್ಟಿದ್ದಳು!

ಮನೆಗೆ ಬಂದವಳೇ, ಮಧ್ಯಾಹ್ನ ಮಗುವಿಗೆ ಸರಿಯಾಗಿ ಉಣ್ಣಿಸುತ್ತಿಲ್ಲವೇ ಎಂದು ಅತ್ತೆಯನ್ನು ಕೇಳಿದ್ದೂ, ಅತ್ತೆ ಮುಖ ಊದಿಸಿಕೊಂಡದ್ದೂ, ಆಮೇಲೆ ಇವಳು ಮಗುವನ್ನು ಹೊತ್ತುಕೊಂಡು ಡಾಕ್ಟರ ಹತ್ತಿರ ಓಡಿದ್ದೂ ಆಯಿತು. ಅವರ ತಕ್ಕಡಿಯಲ್ಲಿ ಇರುವೆ ದುಂಡಗೆ ಬೆಳೆದೇ ಇದ್ದಳು. ಡಾಕ್ಟರ ತಕ್ಕಡಿಯನ್ನು ಮೊದಲು ಯಾರಾದರೂ ಡಾಕ್ಟರಿಗೆ ತೋರಿಸಬೇಕು ಎಂದುಕೊಂಡು ಇರುವೆಯ ಅಮ್ಮ ಹಿಂದಿರುಗಿದಳು.

ವಾರಾಂತ್ಯಕ್ಕೆ ಗಂಡ, ಅತ್ತಿಗೆ, ಇರುವೆಯ ಅಮ್ಮ ಮೂವರೂ ಥಳಥಳಿಸುವ ಡಬ್ಬ ಹಿಡಿದು ನಾಣ್ಯದ ಅಂಗಡಿಗೆ ಹೋದರು. ಅಂಗಡಿಯವರು ಮುಚ್ಚಳ ತೆಗೆದರು. ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು. ಹೊಳಪಿಗಿರಬೇಕು ಎಂದುಕೊಂಡಳು ಇವಳು.

ಹೊಳಪಿಗಲ್ಲ. ಹಳೆಯ ನಾಣ್ಯದ ಮೇಲಿನ ಆ ಕಪ್ಪೇ ಅದರ ವಯಸ್ಸಿಗೆ ಸಾಕ್ಷಿಯಂತೆ. ಉಜ್ಜಿದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತಂತೆ. ಆದರೂ ಅವರು ಒಂದೊಂದನ್ನೇ ಸರಿಸಿ ಏನನ್ನೋ ಹುಡುಕಿದರು. ತಳ ಕಂಡ ಮೇಲೆ ತಲೆಯೆತ್ತಿದರು.

“ಅಲ್ಲಮ್ಮಾ, ಇವೆಲ್ಲ ಊರ ತುಂಬ ಸಿಗೋವು. ನಾನು ಬೆಲೆ ಹೇಳಿದ್ದು ಒಂದೇ ಒಂದು ನಾಣ್ಯ ನೆನೆಸಿಕೊಂಡು. ನಿಮ್ಮ ಮಾವನವರು ಒಂದ್ಸಲ ತೋರಿಸಿದ್ರು. ಟಂಕಸಾಲೇಲಿ ಅಚ್ಚು ಎರಡು ಸಲ ಬಿದ್ದು, ರಾಜನಿಗೆ ಎರಡು ಮೂಗು. ಅದೆಲ್ಲಿ?”

ಅತ್ತಿಗೆ ಇವಳ ಕಡೆ ತಿರುಗಿದರು. ಗಂಡನೂ ತಿರುಗಿದ. ಇರುವೆಯ ಅಮ್ಮನಿಗೆ ತಿರುಗಲು ಗೋಡೆಯೊಂದೇ ಉಳಿದಿತ್ತು.

ಅವಳಿಗೆ ಬಂದದ್ದು ದುಃಖವಲ್ಲ, ಕೆಂಡದಂಥ ಸಿಟ್ಟು. ಇದೆಂಥ ನ್ಯಾಯ! ಮೂಗು ಬಾಯಿ ನೆಟ್ಟಗಿರುವ ನೂರು ರಾಜರಿಗೆ ಬೆಲೆಯಿಲ್ಲ, ಯಾವನೋ ತೂಕಡಿಸುತ್ತ ಅಚ್ಚು ಹಾಕಿ ಕೆಡಿಸಿದ ಒಬ್ಬನಿಗೆ ಬೆಲೆ! ಹಾಗಾದರೆ ತನ್ನ ಕೈಯಲ್ಲಿ ಸೀದುಹೋದ ದೋಸೆಗೆ ಯಾಕೆ ಯಾರೂ ದುಡ್ಡು ಕೊಡುವುದಿಲ್ಲ? ಆ ನಾಣ್ಯವೇ ಮುಖ್ಯ ಎಂದು ಫೋನಿನಲ್ಲೇ ಬಾಯಿ ಬಿಟ್ಟು ಹೇಳಲು ಇವರಿಗೇನಾಗಿತ್ತು ಎಂದು ಕೇಳಿದಳು. ಒಂದನ್ನೂ ತೆಗೆಯಬೇಡಿ ಎಂದು ಹೇಳಿದ್ದೆನಲ್ಲ ಎಂದರು ಅವರು, ತಣ್ಣಗೆ.

ಅಲ್ಲಿಂದ ಮೂವರೂ ಔಷಧಿ ಅಂಗಡಿಗೆ ಧಾವಿಸಿದರು. ಮೆಷಿನ್ನಿನ ಬೀಗದ ಕೈ ತನ್ನಲ್ಲಿಲ್ಲ ಎಂದ ಅಂಗಡಿಯವನು. ಅದು ಮೆಷಿನ್ ಕಂಪನಿಯದು. ಅವರ ಆಳು ಬಂದು ಪೆಟ್ಟಿಗೆ ಬಿಚ್ಚಿ ಕಾಸು ತುಂಬಿಕೊಂಡು ಹೋಗುತ್ತಾನೆ. ಯಾವಾಗ ಬರುತ್ತಾನೋ ಅವನಿಗೇ ಗೊತ್ತು. ಅಂದ ಮೇಲೆ ಕಾವಲು ಕೂರದೆ ಗತ್ಯಂತರವಿತ್ತೇ? ಬೆಳಗ್ಗೆ ಮಗಳನ್ನು ಕಟ್ಟಿಕೊಂಡು ಇರುವೆಯ ಅಮ್ಮ, ಮಧ್ಯಾಹ್ನ ಅತ್ತಿಗೆ, ಸಂಜೆ ಆಫೀಸಿನಿಂದ ಸೀದಾ ಗಂಡ. ಸುಮ್ಮನೆ ಬಾಗಿಲಿಗೆ ಅಡ್ಡ ನಿಂತರೆ ಗಿರಾಕಿಗಳಿಗೆ ತೊಂದರೆ ಎಂದು ಅಂಗಡಿಯವನು ಗೊಣಗಿದ. ಹಾಗಾಗಿ ಅವನ ಮುಖ ಗಂಟಿಕ್ಕಿದಾಗಲೆಲ್ಲ ಇವರು ಒಂದು ಕಾಸು ಹಾಕಿ ತೂಕ ನೋಡಿಕೊಳ್ಳಬೇಕಾಯಿತು. ಒಳ್ಳೆಯ ಕಾಸು! ಒಂದು ಕಾಸು ಉಳಿಸಲು ಹೋದವಳು ಈಗ ಹಿಡಿ ಹಿಡಿಯಾಗಿ ಅದೇ ಹುಂಡಿಗೆ ಸುರಿಯುತ್ತಿದ್ದಳು.

ಈ ಕಾವಲಿನಿಂದ ಸುಖಪಟ್ಟವರು ಅತ್ತಿಗೆ ಒಬ್ಬರೇ. ಎಷ್ಟು ವರ್ಷ ಉಪವಾಸ ಮಾಡಿದರೂ ಇಳಿಯದ ತೂಕ ಈ ಮೆಷಿನ್ನಿನ ಪಕ್ಕದಲ್ಲಿ ನಿಂತೇ ಇಳಿದುಹೋಗಿತ್ತು. ಓಡಾಟದಿಂದ ಕರಗಿತು ಎಂದುಕೊಂಡರು. ಆ ಸಂತೋಷಕ್ಕೆ ಎರಡು ಹೊತ್ತು ಸಿಹಿ ತಿಂದರು, ದರ್ಜಿಗೆ ಸಣ್ಣ ಅಳತೆಯ ಬಟ್ಟೆ ಹೊಲಿಯಲು ಹೇಳಿದರು. ತಮ್ಮನ ಹೆಂಡತಿಯ ಮೇಲಿನ ಸಿಟ್ಟನ್ನು ಅರ್ಧಕ್ಕರ್ಧ ಇಳಿಸಿದರು. ಗಂಡನೂ ಇಳಿದಿದ್ದ. ಎಲ್ಲರೂ ಇಳಿಯುತ್ತಿರುವ ಈ ಮನೆಯಲ್ಲಿ ಏನೋ ರೋಗ ಹೊಕ್ಕಿದೆ ಎಂದು ಅತ್ತೆ ಮಾತ್ರ ಹೆದರಿಕೊಂಡರು.

ಕೊನೆಗೊಂದು ದಿನ ಮಧ್ಯಾಹ್ನವಾಗುತ್ತಿದ್ದಂತೆ ಮೆಷಿನ್ನಿನವನು ಸೈಕಲ್ಲಿಗೆ ಚೀಲ ನೇತುಹಾಕಿಕೊಂಡು ಬಂದ. ಆ ಹೊತ್ತಿಗೆ ಅಂಗಡಿಯ ಮುಂದೆ ಅರ್ಧ ಬೀದಿ ನಿಂತಿತ್ತು; ಕೆಮ್ಮಿನ ಕಾಲ. ಸಾಲಿನ ತುದಿಯಲ್ಲಿ ಔಷಧಿ ಚೀಟಿ ಹಿಡಿದ ತರಕಾರಿಯವನು. ಅವನನ್ನು ನೋಡಿ ಇರುವೆಯ ಅಮ್ಮ ಮುಖವನ್ನು ಆಚೆ ತಿರುಗಿಸಿದಳು. ಆದರೂ ಮೆಲ್ಲಗೆ ಮೆಷಿನ್ನಿನವನ ಕಿವಿಯ ಹತ್ತಿರ ಹೋಗಿ, ಇದರೊಳಗೆ ತನ್ನದೊಂದು ಕಾಸಿದೆ, ಬೇಕು ಎಂದಳು. ಅವನ ಕಿವಿ ಸ್ವಲ್ಪ ಮಂದ. ದನಿ ಮಾತ್ರ ಮಂದವಲ್ಲ.

“ಒಳಗೆ ಬಿದ್ದಿದ್ದೆಲ್ಲಾ ಕಂಪನೀದು ಅಕ್ಕಾ. ನಿಮ್ಮ ಕಾಸು ಅಂತ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗುತ್ತೆ. ಅದರ ಮೇಲಿನ ರಾಜನಿಗೆ ಎರಡು ಮೂಗಿದೆ.”

“ಅಂದ್ರೆ ಚಲಾವಣೆ ಇಲ್ಲದ ಕಾಸು. ಅದನ್ನ ಹಾಕಿ ಮೆಷಿನ್‌ಗೆ ಮೋಸ ಮಾಡಿದ್ದು ನೀವೇನಾ?”

ಸಾಲಿನಲ್ಲಿದ್ದವರ ಕೆಮ್ಮು ಒಮ್ಮೆಗೇ ನಿಂತಿತು. ಅಲ್ಲ ಎಂದರೆ ವಾಷಿಂಗ್ ಮೆಷಿನ್ ಹೋಯಿತು, ಹೌದು ಎಂದರೆ ಮಾನ ಹೋಯಿತು. ಇರುವೆಯ ಅಮ್ಮ ತನ್ನ ಬಿರಿದ ಬೆರಳುಗಳನ್ನು ನೋಡಿಕೊಂಡಳು. ಮಾನವನ್ನು ದಿನಾ ಒಗೆಯಬೇಕಾಗಿಲ್ಲ.

“ಹೌದು, ನಾನೇ” ಎಂದಳು.

ಸಾಲಿನ ತುದಿಯಲ್ಲಿ ತರಕಾರಿಯವನ ಹುಬ್ಬು ನಿಧಾನವಾಗಿ ಮೇಲೇರಿತು.

ಒಳ್ಳೆಯ ಕಾಸೊಂದನ್ನು ಬದಲಿಗೆ ಕೊಟ್ಟರೆ ಆಯಿತು ಎಂದು ಮೆಷಿನ್ನಿನವನು ದೊಡ್ಡ ಮನಸ್ಸು ಮಾಡಿದ. ಆದರೆ ಪೆಟ್ಟಿಗೆ ಸುರಿದರೆ ರಾಜನಿಲ್ಲ! ಟಾರ್ಚು ಹಾಕಿ ಇಣುಕಿದ ಅವನು ನಾಲಿಗೆ ಲೊಚಗುಟ್ಟಿದ. ರಾಜ ದಾರಿ ತಪ್ಪಿ ತೂಕದ ಸ್ಪ್ರಿಂಗಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ. ಅಲ್ಲಿ ಅಡ್ಡ ಕೂತಿದ್ದರಿಂದ ಇಷ್ಟು ದಿನವೂ ಮೆಷಿನ್ನು ಎಲ್ಲರಿಗೂ ಕಡಿಮೆ ತೂಕ ಹೇಳಿದೆ ಎಂದ. ಆಗಷ್ಟೇ ತಮ್ಮ ಪಾಳಿಗೆ ಬಂದ ಅತ್ತಿಗೆ ಆ ಮಾತು ಕೇಳಿ ಅಲ್ಲೇ ಬೆಂಚಿನ ಮೇಲೆ ಕುಸಿದರು. ಬೆಂಚು ಅವರ ನಿಜವಾದ ತೂಕವನ್ನು ಕಿರ್ರೆಂದು ಹೇಳಿತು.

ಇರುವೆಯ ಅಮ್ಮ ಮೆಲ್ಲಗೆ, ಮೆಲ್ಲಗೆ ಎನ್ನುತ್ತಲೇ ಇದ್ದಳು. ಅವನು ಸ್ಕ್ರೂಡ್ರೈವರನ್ನು ರಾಜನ ಮುಖಕ್ಕೆ ಆನಿಸಿ ಸುತ್ತಿಗೆಯಿಂದ ಒಂದು, ಎರಡು, ಮೂರು ಬಿಟ್ಟ. ರಾಜ ಠಣ್ಣೆಂದು ನೆಲಕ್ಕೆ ಬಿದ್ದ. ಯಾರಿಗಿಂತಲೂ ಮೊದಲು ಇರುವೆ ಅದನ್ನು ಹೆಕ್ಕಿ ಅಮ್ಮನ ಕೈಗಿತ್ತಳು.

ನಾಣ್ಯದ ಅಂಗಡಿಯವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಎರಡು ಮೂಗಿದ್ದ ಕಡೆ ಈಗ ಒಂದು ಹಳ್ಳವಿತ್ತು. ಏನಾದರೂ ಬೆಲೆ ಉಳಿದಿದೆಯೇ ಎಂದು ಇರುವೆಯ ಅಮ್ಮ ಕೇಳಿದಳು; ಇಷ್ಟು ಸಣ್ಣ ದನಿ ಅವಳಲ್ಲಿತ್ತೆಂದು ಗಂಡನಿಗೂ ಅಂದೇ ತಿಳಿದದ್ದು.

“ಯಾಕಿಲ್ಲಮ್ಮ? ಇದನ್ನ ಹಾಕಿ ಇನ್ನೊಂದ್ಸಲ ತೂಕ ನೋಡ್ಕೋಬಹುದು” ಎಂದರು ಅವರು.

ಉಳಿದ ಥಳಥಳ ರಾಜರನ್ನೆಲ್ಲ ಲೋಹದ ಬೆಲೆಗೆ ಕೊಂಡರು. ಅದರಲ್ಲಿ ಅತ್ತಿಗೆಯ ಅರ್ಧ ದರ್ಜಿಗೆ ಹೋಯಿತು, ಹೊಲಿದದ್ದನ್ನೆಲ್ಲ ಬಿಚ್ಚಿ ಅಗಲ ಮಾಡಲು. ತಮ್ಮನ ಅರ್ಧದಲ್ಲಿ ಒಂದು ದೊಡ್ಡ ಬಕೆಟ್ಟು ಬಂತು. ಬಚ್ಚಲಿನ ಪಕ್ಕ ಖಾಲಿ ಮಾಡಿಟ್ಟ ಮೂಲೆಯಲ್ಲಿ ಅದೀಗ ಮಹಾರಾಜನಂತೆ ಕೂತಿದೆ. ಹಳ್ಳ ಬಿದ್ದ ಮುಖದ ರಾಜನನ್ನು ಅತ್ತೆ ಕೇಳಿ ಇಸಿದುಕೊಂಡು, ಸೆರಗಿನಿಂದ ಒರೆಸಿ, ಖಾಲಿ ಡಬ್ಬದಲ್ಲಿ ಒಬ್ಬನನ್ನೇ ಇಟ್ಟರು.

ಮುಂದಿನ ತಿಂಗಳು ಇರುವೆಯ ಅಮ್ಮ ಒಳ್ಳೆಯ ಕಾಸು ಹಾಕಿಯೇ ಮಗಳ ತೂಕ ನೋಡಿದಳು. ಇರುವೆ ಲಕ್ಷಣವಾಗಿ ಬೆಳೆದಿದ್ದಳು. ಡೈರಿಗೆ ಅಂಟಿಸುವ ಮೊದಲು ಚೀಟಿಯ ಹಿಂಬದಿಯನ್ನು ಅತ್ತೆಗೆ ಓದಿ ಹೇಳಿದಳು: ‘ಬೇರೆಯವರು ಯಾರೂ ನಿಮಗೆ ಮೋಸ ಮಾಡಲಾರರು.’

ಅತ್ತೆ ಇರುವೆಯ ಒದ್ದೆ ಬಟ್ಟೆಗಳನ್ನು ಬಕೆಟ್ಟಿಗೆ ಹಾಕುತ್ತ ಅಂದರು: “ನಿಜ ಕಣಮ್ಮ. ಬೇರೆಯವರು ಮಾಡೋಕೆ ಅಂತ ನೀನೆಲ್ಲಿ ಉಳಿಸಿದೀಯ?”