ಲಿಂಡ್ಸೆಯ ಗಾಡಿಯ ಟಕ್ ಟಕ್

ಗಾಡಿಯ ಹೊಟ್ಟೆಯೊಳಗಿಂದ ‘ಟಕ್’ ಎಂದು ಸದ್ದು ಬಂದಿದ್ದು ನಿಜ. ಆದರೆ ಅದನ್ನು ಪೆಟ್ರೋಲ್ ಬಂಕಿನ ಡಾರ್ಲೀನ್ ಮುಂದೆ ಬಾಯಿಬಿಟ್ಟಿದ್ದೇ ಲಿಂಡ್ಸೆ ಟ್ರೆವೊರೋ ಮಾಡಿಕೊಂಡ ಎಡವಟ್ಟು.

ಲಿಂಡ್ಸೆ ಅಡಿಲೇಡಿನಲ್ಲಿ ಪಿಯಾನೊಗಳ ಶ್ರುತಿ ಸರಿಮಾಡುತ್ತ ಮುದುಕನಾದವನು. ನಿವೃತ್ತನಾದ ಮೇಲೆ ಹಾಸಿಗೆ, ಒಲೆ ಎಲ್ಲ ಇರುವ ಹಳೆಯ ಬಿಳಿ ಕ್ಯಾಂಪರ್‌ವ್ಯಾನ್ ಕೊಂಡು, ಹೆಂಡತಿ ನೊರೀನ್ ಜೊತೆ ಮರಳುಗಾಡಿನ ನಡುವಿನ ಮಲ್ಗಾ ಹಿಲ್ಲಿಗೆ ಹೊರಟಿದ್ದ. ಅಲ್ಲಿ ಅವಳ ತಮ್ಮ ಗಾರ್ತ್ ಓಪಲ್ ಎಂಬ ರತ್ನದ ಕಲ್ಲು ಅಗೆಯುತ್ತಾನೆ. “ಸಿಟಿಯ ಕೊನೇ ಸಿಗ್ನಲ್ ದೀಪ ದಾಟಿದ ಮೇಲೆ ಭಾವ ಅಳ್ತಾನೆ ನೋಡು” ಎಂದು ಗಾರ್ತ್ ಫೋನಿನಲ್ಲಿ ನಕ್ಕಿದ್ದ. ದಾರಿಯಲ್ಲಿ ಯಾರ ನೆರವೂ ಕೇಳದೆ ಹೋಗಿ ಇಳಿಯಬೇಕೆಂದು ಲಿಂಡ್ಸೆ ಅಂದೇ ಹಟ ತೊಟ್ಟಿದ್ದ.

“ಗಾಡಿ ಚೆನ್ನಾಗಿ ಓಡ್ತಾ ಇದೆಯಾ?” ಎಂದಳು ಡಾರ್ಲೀನ್.

“ಹೂಂ. ಒಂಚೂರು ಟಕ್ ಅಂತ ಅಪಸ್ವರ, ಅಷ್ಟೇ.”

ಡಾರ್ಲೀನ್ ಬಳಿ, ದಾರಿಯ ಲಾರಿಗಳ ಜೊತೆ, ಫಾರಮ್ಮುಗಳ ಜೊತೆ ಮಾತಾಡುವ ರೇಡಿಯೊ ಇತ್ತು. ಮನೆಗಳೇ ಇಲ್ಲದ ಆ ಸೀಮೆಯಲ್ಲಿ ಸುದ್ದಿಗೆ ಅಡ್ಡ ನಿಲ್ಲುವುದಕ್ಕಾದರೂ ಏನಿದೆ?

ಎದುರಿಗೆ ಬಂದ ಲಾರಿ, ರೈಲಿನ ಹಾಗೆ ಉಸ್ಸೆಂದು ನಿಂತಿತು. “ಟಕ್ ಟಕ್ ನೀವೇನಾ?” ಎಂದ ಡ್ರೈವರ್, ಬೇಡವೆಂದರೂ ಒಂದು ರಬ್ಬರ್ ಪೈಪು, ಎರಡು ಮಾಂಸದ ಪೈ ಕೊಟ್ಟು ಹೋದ. ಇನ್ನೊಂದಷ್ಟು ದೂರದಲ್ಲಿ, ದನಗಳ ಫಾರಮ್ಮಿನ ಮುದುಕಿಯೊಬ್ಬಳು ರಸ್ತೆಯ ಪಕ್ಕ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಕೇಳದೆಯೇ ಗಾಡಿಯ ಕೆಳಗೆ ನುಗ್ಗಿ, ಏನನ್ನೋ ಬಿಗಿದು, “ಇನ್ನು ಪರವಾಗಿಲ್ಲ” ಎಂದಳು. ಅಲ್ಲಿಂದ ಮುಂದೆ ಟಕ್ ಹೋಗಿ ಧಡ್ ಆಯಿತು.

“ಒಳ್ಳೇ ಜನ ಕಣೋ” ಎಂದಳು ನೊರೀನ್, ಪೈ ತಿನ್ನುತ್ತ.

“ಅದೇ ಕಷ್ಟ” ಎಂದ ಲಿಂಡ್ಸೆ.

ಗಾಡಿ ಮಲ್ಗಾ ಹಿಲ್ ಮುಟ್ಟುವ ಹೊತ್ತಿಗೆ, ಎಂಜಿನ್ ಕಳಚಿ ಬಿದ್ದಿದೆ, ನೊರೀನ್ ತಲೆಮೇಲೆ ಒಲೆ ಹೊತ್ತು ನಡೆದು ಬರುತ್ತಿದ್ದಾಳೆ ಎಂಬಲ್ಲಿಗೆ ಸುದ್ದಿ ಬೆಳೆದಿತ್ತು. ಇಡೀ ಊರು ಗಣಿ ಬಿಟ್ಟು ನೆಲದ ಮೇಲೆ ಬಂದಿತ್ತು. ಗಾರ್ತ್ ಕುಹಕವಾಡಲಿಲ್ಲ. ತಬ್ಬಿಕೊಂಡು, “ಬದುಕಿ ಬಂದೆಯಲ್ಲ ಭಾವ, ಸಾಕು” ಎಂದ. ಲಿಂಡ್ಸೆಗೆ ಬೈಸಿಕೊಂಡಿದ್ದರೇ ವಾಸಿಯಿತ್ತು ಅನ್ನಿಸಿತು.

“ಕೀಲಿ ಕೊಡಿ ಇಲ್ಲಿ. ನೀವು ಹೋಗಿ ಊಟ ಮಾಡಿ” ಎಂದ ಮಿಲೋಶ್, ಗಾಡಿಯನ್ನು ನೆರಳಿಗೆ ನಿಲ್ಲಿಸಿ ಬಂದ ನೊರೀನ್‌ಗೆ. ಸರ್ಬಿಯಾದಿಂದ ಬಂದು ಅಲ್ಲೇ ನೆಲೆನಿಂತ, ಗೂಳಿಯಂಥ ಗಣಿಗಾರ ಅವನು.

ಗಾರ್ತ್‌ನ ಮನೆ, ಬಿಸಿಲಿಗೆ ಹೆದರಿದ ಆ ಊರಿನ ಎಲ್ಲ ಮನೆಗಳಂತೆ, ನೆಲದಡಿಯ ಬಂಡೆಯೊಳಗೆ ಕೊರೆದದ್ದು, ಮಡಕೆಯಂತೆ ತಂಪು. ಲಿಂಡ್ಸೆ ಕುರಿಮಾಂಸ ಮುಂದಿಟ್ಟುಕೊಂಡು ತಲೆಯ ಮೇಲಿನ ಸುತ್ತಿಗೆಯ ಸದ್ದು ಕೇಳುತ್ತ ಕೂತ. ಎರಡು ಸಲ ಎದ್ದ. “ಕೂತ್ಕೊ. ನಂಬಿಕೆ ಇಲ್ಲ ಅಂದ್ಕೊಂಡು ನೊಂದ್ಕೋತಾರೆ” ಎಂದು ಎರಡು ಸಲವೂ ನೊರೀನ್ ಅಂಗಿ ಹಿಡಿದೆಳೆದಳು.

ಬಿಸಿಲು ಇಳಿಯುವಾಗ ಎಂಜಿನ್ ಮಾತಾಡಿತು. ಎಂಥ ನಾದ ಅದು. ಲಿಂಡ್ಸೆ ಮೆಟ್ಟಿಲು ಹತ್ತಿ ಓಡಿದ. ಕೆಂಪು ಧೂಳು ಮೆತ್ತಿದ ಗಾಡಿಯ ಸುತ್ತ ಊರಿಗೆ ಊರೇ ಗ್ರೀಸು ಬಳಿದುಕೊಂಡು ನಿಂತಿತ್ತು. ಮಿಲೋಶ್ ತನ್ನ ಲಾರಿಯ ಪಂಪನ್ನೇ ಬಿಚ್ಚಿ ಇದಕ್ಕೆ ಹಾಕಿದ್ದ. ಹಾಗೆಂದು ಅವನು ಹೇಳಲಿಲ್ಲ, ಗಾರ್ತ್ ಹೇಳಿದ.

ಲಿಂಡ್ಸೆ ಬಾನೆಟ್ಟಿನ ಮೇಲೆ ಕೈಯಿಟ್ಟ. “ಯಾರನ್ನೂ ಏನೂ ಕೇಳಬಾರದು ಅಂತ ಹೊರಟೋನು ನಾನು. ನಮ್ಮ ಬೀದೀಲಿ ಗಾಡಿ ನಿಂತರೆ ಹಿಂದಿನೋರು ಹಾರ್ನ್ ಹೊಡೀತಾರೆ. ನೀವು ಒಂದಿನದ ದುಡಿಮೇನೇ ಬಿಟ್ಟು ಬಂದ್ರಿ. ನಿಮ್ಮಂಥೋರನ್ನ ನಾನು ಕಂಡಿಲ್ಲ.”

ಯಾರಿಗೂ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಮಿಲೋಶ್ ಮೂಗು ಒರೆಸಿಕೊಂಡು ಮೂಗಿಗೂ ಗ್ರೀಸು ಮಾಡಿಕೊಂಡ.

ಅಷ್ಟರಲ್ಲಿ ನೆಲದಡಿಯ ಹೋಟೆಲಿನಿಂದ, ಟವೆಲ್ ಹೊದ್ದ ಹಿರಿಯರೊಬ್ಬರು ಮೇಲೆ ಬಂದರು. ಅಲ್ಲಿ ತಂಗಿದ್ದ ಮೆಲ್ಬರ್ನಿನ ಹಲ್ಲಿನ ಡಾಕ್ಟರು.

“ನಮಸ್ಕಾರ. ನನ್ನ ಗಾಡಿಗೆ ಏನಾಯ್ತು?”

ಮಿಲೋಶ್ ತೋಳಿನಿಂದ ನಂಬರ್ ಪ್ಲೇಟ್ ಒರೆಸಿದ. ಲಿಂಡ್ಸೆ ಅದನ್ನು ನೋಡಿದ. ನೊರೀನ್ ನೀರಿನ ಟ್ಯಾಂಕಿನತ್ತ ಬೆರಳು ತೋರಿಸಿದಳು. ಅದರ ಹಿಂದೆ, ನೆರಳಿರಲೆಂದು ಅವಳೇ ನಿಲ್ಲಿಸಿದ್ದ ತಮ್ಮ ಗಾಡಿ, ಥೇಟ್ ಅಂಥದೇ ವ್ಯಾನು, ಧೂಳು ಮೆತ್ತಿ ಅಷ್ಟೇ ಕೆಂಪಗೆ ನಿಂತಿತ್ತು.

“ಭಾವನ ಕೀಲಿ ಇದಕ್ಕೆ ಸರಾಗವಾಗಿ ಹೋಯ್ತಲ್ಲ” ಎಂದ ಗಾರ್ತ್.

“ಹಳೇ ಬೀಗ. ಚಮಚ ತೂರಿಸಿದ್ರೂ ತೆಗೆಯುತ್ತೆ” ಎಂದರು ಡಾಕ್ಟರು. ಒಳಗೆ ಕೂತು ಎಂಜಿನ್ ಸದ್ದು ಕೇಳಿದರು, ಮತ್ತೆ ಕೇಳಿದರು. “ಕೊಂಡಾಗಿನಿಂದ ಮುದಿ ಒಂಟೆ ಥರ ನರಳ್ತಿತ್ತು. ಯಾವ ಮೆಕ್ಯಾನಿಕ್ಕಿಗೂ ಆಗಿರಲಿಲ್ಲ.” ಎಲ್ಲರ ಕೈ ಕುಲುಕಿ, ಲಿಂಡ್ಸೆಯ ಕೈಯನ್ನು ಇನ್ನಷ್ಟು ಜೋರಾಗಿ ಕುಲುಕಿ, ಉಡುಪು ಬದಲಿಸಿ, ಬೆಣ್ಣೆಯ ಮೇಲೆ ಜಾರುವಂತೆ ಹೊರಟುಹೋದರು.

“ನಾಳೆ ನಿಮ್ಮದು ಬಿಚ್ಚೋಣ” ಎಂದ ಮಿಲೋಶ್, ಆಮೇಲೆ ಬಿಡಿಭಾಗಗಳ ಖಾಲಿ ಡಬ್ಬಗಳತ್ತ ನೋಡಿದ. “ಹಾಕೋದಕ್ಕೆ ಮಾತ್ರ ಊರಲ್ಲಿ ಒಂದು ಬೋಲ್ಟೂ ಉಳಿದಿಲ್ಲ. ಸಾಮಾನಿನ ಲಾರಿ ಮುಂದಿನ ತಿಂಗಳು.”

ಯಾರೂ ಪೇಚಾಡಲಿಲ್ಲ. ಭಾನುವಾರದ ಊಟಕ್ಕೆ ಲಿಂಡ್ಸೆ ದಂಪತಿ ಯಾರ ಮನೆಗೆ ಎಂಬ ಜಗಳ ಆಗಲೇ ಶುರುವಾಗಿತ್ತು. ಗಾರ್ತ್ ಒಳಗಿಂದ ಒಂದು ಗುದ್ದಲಿ ತಂದು ಭಾವನ ಕೈಗಿತ್ತ.

“ಬೆಳಿಗ್ಗೆ ಬೇಗ ಏಳು. ತಿಂಗಳಿಡೀ ಸುಮ್ನೆ ಕೂತ್ರೆ ಬೇಜಾರಾಗುತ್ತೆ.”