ಬಾಗಿಲಿಗೊಂದು ಮನೆ

ಇಲ್ಲಿ ಬರೆಯುವುದರಲ್ಲಿ ಒಂದಿಷ್ಟು ತಪ್ಪಿರಬಹುದು. ಬಾಗಿಲ ಚೌಕಟ್ಟಿನ ಮೇಲಿನ ಸವೆದ ಕೆತ್ತನೆ ಗಿಳಿ ಎಂದು ನನ್ನ ವಾದ. ನವಿಲು ಎನ್ನುತ್ತಾಳೆ ಅಕ್ಕ. ಆದರೆ ಜಗತ್ತೆಲ್ಲ ಮನೆಗೆ ಬಾಗಿಲು ಮಾಡಿಸಿದರೆ ನಮ್ಮ ಕಾಕಾ ಬಾಗಿಲಿಗೆ ಮನೆ ಕಟ್ಟಿಸಿದರು ಎಂಬುದರಲ್ಲಿ ಮಾತ್ರ ತಪ್ಪಿಲ್ಲ!

ಹಳೇ ಬಾಗಲಕೋಟೆ ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗುವಾಗ ಎಲ್ಲರೂ ಕಪಾಟು, ಹಂಡೆ ಹೇರಿಕೊಂಡು ನವನಗರಕ್ಕೆ ಬಂದರು. ಡ್ರಾಯಿಂಗ್ ಮಾಸ್ತರರಾಗಿದ್ದ ಕಾಕಾ ತಂದದ್ದು ಮುತ್ತಜ್ಜ ಮಾಡಿಸಿದ ಸಾಗವಾನಿ ತಲೆಬಾಗಿಲು, ಅದರ ಗೇಣೆತ್ತರದ ಹೊಸ್ತಿಲು, ಜೊತೆಗೊಂದು ಕಂಬ. ಹೊಸ ಕಾಂಕ್ರೀಟ್ ಹಾಲಿನ ನಟ್ಟನಡುವೆ ಕಂಬ ನಿಂತಿತು. ತರುಣ ಎಂಜಿನಿಯರ್ ಮೆಲ್ಲಗೆ ಕೇಳಿದ:

"ಮಾಸ್ತರ, ಇದು ಏನ ಹೊರತೈತ್ರಿ?"

"ಏನೂ ಇಲ್ಲ. ನಾಕು ತಲಿಮಾರು ಹೊತ್ತೈತಿ. ಈಗ ಪೆನ್ಶನ್!"

"ಬಾಗಲಾ ಭಾಳ ಗಿಡ್ಡ ಆತ್ರಿ. ಮಂದಿ ತಲಿ ಬಡೀತೈತಿ."

"ಬಗ್ಗಿ ಬರಲಿ. ನೆಟ್ಟಗ ಬರಾವ್ರಿಗೆ ನಮ್ಮನ್ಯಾಗ ಏನ ಕೆಲಸಲೇ?"

ಹಣೆ ಬಡಿಸಿಕೊಳ್ಳದೆ ಒಳಗೆ ಹೋದ ನೆಂಟರುಂಟೆ? ಕಾಕಾನ ಹೆಂಡತಿ, ನಮ್ಮ ಕಾಕು, ಬಾಗಿಲ ಪಕ್ಕದಲ್ಲೇ ಅರಿಶಿನದ ಬಟ್ಟಲು ಇಟ್ಟಿರುತ್ತಿದ್ದರು. ಅರ್ಧ ಹೊಸ್ತಿಲ ಪೂಜೆಗೆ, ಇನ್ನರ್ಧ ಅತಿಥಿಗಳ ಹಣೆಗೆ! ಮದುವಣಗಿತ್ತಿಯಾಗಿ ಸೇರಕ್ಕಿ ಒದ್ದು ಅವರು ದಾಟಿ ಬಂದ ಹೊಸ್ತಿಲದು. "ಬಡಕೊಂಡ್ರೇನ್ರಿ? ಬರ್ರಿ, ಈಗ ನೀವೂ ಮನಿಯವರಾದ್ರಿ."

ಹೋದ ವರ್ಷ ಕಾಕುಗೆ ಲಕ್ವಾ ಹೊಡೆಯಿತು. ಸ್ಟ್ರೆಚರನ್ನು ಕಂಬ ತಿರುಗಗೊಡಲಿಲ್ಲ, ಬಾಗಿಲು ಹಾಯಗೊಡಲಿಲ್ಲ. ಕೊನೆಗೆ ಚಾದರದಲ್ಲಿ ಜೋಳದ ಚೀಲದಂತೆ ಎತ್ತಿ ದಾಟಿಸಿದರು. ಎಷ್ಟು ಹೊತ್ತು ಹಿಡಿಯಿತೋ, ಆ ಲೆಕ್ಕದಲ್ಲಿ ನನ್ನನ್ನು ನಾನೇ ನಂಬುವುದಿಲ್ಲ. ಇನ್ನಷ್ಟು ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಕಾಕಾ ಪಕ್ಕದಲ್ಲೇ ನಿಂತಿದ್ದರು.

ಕಾಕು ಗಾಲಿಕುರ್ಚಿಯಲ್ಲಿ ಮರಳಿದರು. ಮಾತಿಲ್ಲ, ಬಲಗೈ ಇಲ್ಲ. ಕುರ್ಚಿ ಹೊಸ್ತಿಲ ಒಳಗೇ ನಿಲ್ಲುತ್ತಿತ್ತು. ಅಲ್ಲಿಂದಲೇ ಬೀದಿ ನೋಡುವುದು. ಆ ಚೌಕಟ್ಟಿಗೆ ಒಂದು ಮೊಳೆ ಹೊಡೆಯಲೂ ಬಿಡದಿದ್ದ ಕಾಕಾ ಒಂದು ಮುಂಜಾನೆ ಗರಗಸ ಹಿಡಿದು ಹೊಸ್ತಿಲ ಮುಂದೆ ಕೂತರು.

"ಬಡಿಗ್ಯಾರನ್ನ ಕರೀಲೇನ ಕಾಕಾ?"

"ಬ್ಯಾಡವಾ. ತಂದಾವ ನಾ, ಕೊಯ್ಯಾವನೂ ನಾನ."

ಹಳೇ ಸಾಗವಾನಿ ಸುಲಭಕ್ಕೆ ತುಂಡಾಗುತ್ತದೆಯೆ? ಅಂಗಿ ಬೆವರಿಗೆ ಅಂಟಿಕೊಂಡಿತು. ಅಷ್ಟರಲ್ಲಿ ಕಾಕು ಎಡಗೈಯಿಂದ ಕುರ್ಚಿಯ ತೋಳನ್ನು ದಬದಬ ಬಡಿಯತೊಡಗಿದರು. ಕಾಕಾ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವರ ಕೈ ನಿಂತುಬಿಡುತ್ತಿತ್ತು ಅನ್ನಿಸುತ್ತದೆ.

ಈಗ ಸಂಜೆಗೆ ಕುರ್ಚಿ ಸರಾಗ ಹೊರಗೆ ಉರುಳುತ್ತದೆ. ಕಾಕಾ ದೂಡುತ್ತಾರೆ, ಬಗ್ಗಿಕೊಂಡು. ಚಹಾ ಬೇಕೇ ಎಂದರೆ ಬೆರಳೆತ್ತಿ ಹೂಂ ಅನ್ನುವ ಕಾಕು ನನ್ನ ಒಂದು ಪ್ರಶ್ನೆಗೆ ಮಾತ್ರ ಇನ್ನೂ ಬೆರಳು ಅಲುಗಿಸಿಲ್ಲ:

"ಕಾಕು, ಅವತ್ತ ನೀ ಬಡದದ್ದು ಬ್ಯಾಡ ಅಂತನೋ, ಲಗೂ ಕೊಯ್ರಿ ಅಂತನೋ?"